ಬೀಟಾ ಕೋಶಗಳ ಸಂಶೋಧನೆಯಲ್ಲಿ ಬದುಕು ಕಳೆದ ವಿಜ್ಞಾನಿಯ ಕಥೆಯನ್ನು ಮಕ್ಕಳಿಗೆ ಹೇಗೆ ಹೇಳಲಿ?

ಪ್ರಶ್ನೆ
ಬರೆದವರು: ಗದಗದ ವಿಜ್ಞಾನ ಶಿಕ್ಷಕ

ಗದಗ ತಾಲ್ಲೂಕಿನ ಒಂದು ಪ್ರೌಢಶಾಲೆಯಲ್ಲಿ ನಾನು ಹದಿನಾಲ್ಕು ವರ್ಷಗಳಿಂದ ವಿಜ್ಞಾನ ಕಲಿಸುತ್ತಿದ್ದೇನೆ. ಹೋದ ತಿಂಗಳು ಹತ್ತನೆಯ ತರಗತಿಗೆ ಹಾರ್ಮೋನುಗಳ ಪಾಠ ಮುಗಿಸಿ ಹೊರಬಂದಾಗ ಒಬ್ಬ ವಿದ್ಯಾರ್ಥಿನಿ ಸ್ಟಾಫ್ ರೂಮಿನ ಬಾಗಿಲವರೆಗೂ ನನ್ನ ಹಿಂದೆಯೇ ಬಂದಳು. "ಸರ್, ನನ್ನ ಹೊಟ್ಟಿಯೊಳಗಿನ ಆ ಕೋಶ ಸತ್ತಾವಂತ ಡಾಕ್ಟರ್ ಹೇಳ್ಯಾರ. ಅವು ಮತ್ತ ಹುಟ್ಟತಾವೇನ್ರಿ? ಅದರ ಮ್ಯಾಲೆ ಯಾರರೆ ಕೆಲಸ ಮಾಡಾಕತ್ತಾರೇನ್ರಿ?" ಎಂದು ಕೇಳಿದಳು. ಅವಳಿಗೆ ಏಳನೆಯ ವಯಸ್ಸಿನಲ್ಲಿ ಒಂದನೆಯ ವಿಧದ ಮಧುಮೇಹ ಬಂದಿದೆ. ದಿನಕ್ಕೆ ನಾಲ್ಕು ಸಲ ಇನ್ಸುಲಿನ್ ತೆಗೆದುಕೊಳ್ಳುತ್ತಾಳೆ. ಮನೆಯಲ್ಲಿ ಫ್ರಿಜ್ ಇಲ್ಲದ ಕಾರಣ ಅವಳ ತಾಯಿ ಇನ್ಸುಲಿನ್ ಬಾಟಲಿಯನ್ನು ಪ್ಲಾಸ್ಟಿಕ್ ಡಬ್ಬಿಯಲ್ಲಿಟ್ಟು, ಆ ಡಬ್ಬಿಯನ್ನು ಒದ್ದೆ ಬಟ್ಟೆ ಸುತ್ತಿದ ಮಣ್ಣಿನ ಗಡಿಗೆಯೊಳಗೆ ಇಡುತ್ತಾರೆ. ಎರಡು ವರ್ಷಗಳ ಹಿಂದೆ ಬಂಧುಗಳೊಬ್ಬರ ಮಾತು ಕೇಳಿ ಇನ್ಸುಲಿನ್ ನಿಲ್ಲಿಸಿ ಕಷಾಯ ಕುಡಿಸಿದ್ದರಿಂದ ಅವಳು ಐದು ದಿನ ಐಸಿಯುನಲ್ಲಿ ಇರಬೇಕಾಗಿ ಬಂದಿತ್ತು. ಆದುದರಿಂದ ಅವಳಿಗೆ ಉತ್ತರ ಕೊಡುವಾಗ ನಾನು ಒಂದೊಂದು ಮಾತನ್ನೂ ಅಳೆದು ಆಡಬೇಕಾಗಿದೆ.

ನವೆಂಬರ್ 14 ನಮ್ಮಲ್ಲಿ ಮಕ್ಕಳ ದಿನಾಚರಣೆ. ಇನ್ಸುಲಿನ್ ಕಂಡುಹಿಡಿದವರಲ್ಲಿ ಒಬ್ಬರಾದ ಫ್ರೆಡೆರಿಕ್ ಬ್ಯಾಂಟಿಂಗ್ ಅವರ ಜನ್ಮದಿನವೂ ಅದೇ ಆಗಿರುವುದರಿಂದ ಆ ದಿನವನ್ನು ವಿಶ್ವ ಮಧುಮೇಹ ದಿನವೆಂದು ಆಚರಿಸುತ್ತಾರೆ. ಅಂದು ಪ್ರಾರ್ಥನೆಯ ನಂತರ ಅರ್ಧ ಗಂಟೆ, ಮೇದೋಜೀರಕ ಗ್ರಂಥಿಯ ಕೋಶಗಳನ್ನು ಅಧ್ಯಯನ ಮಾಡಿದ ಒಬ್ಬ ವಿಜ್ಞಾನಿಯ ಸಂಶೋಧನಾ ಜೀವನವನ್ನು ಮಕ್ಕಳಿಗೆ ಹೇಳಬೇಕೆಂದಿದ್ದೇನೆ. ಬ್ಯಾಂಟಿಂಗ್ ಅವರ ಕಥೆ ಮಕ್ಕಳಿಗೆ ಗೊತ್ತು. ಅವಳ ಪ್ರಶ್ನೆ ಇನ್ಸುಲಿನ್ನಿನ ಬಗ್ಗೆ ಇರಲಿಲ್ಲ, ಅದನ್ನು ತಯಾರಿಸುವ ಬೀಟಾ ಕೋಶದ ಬಗ್ಗೆ ಇತ್ತು. ಹಾರ್ವರ್ಡ್ ವಿಶ್ವವಿದ್ಯಾಲಯದ ಡಗ್ಲಸ್ ಮೆಲ್ಟನ್ ಅವರ ಬಗ್ಗೆ ಸ್ವಲ್ಪ ಓದಿದ್ದೇನೆ. ಮಗನಿಗೆ ಈ ಕಾಯಿಲೆ ಬಂದಿತೆಂದು ಅವರು ತಮ್ಮ ಸಂಶೋಧನೆಯ ದಾರಿಯನ್ನೇ ಬದಲಿಸಿದರಂತೆ. ಆದರೆ ಅವರ ಒಂದು ಪ್ರಸಿದ್ಧ ಪ್ರಬಂಧವನ್ನು ಹಿಂತೆಗೆದುಕೊಳ್ಳಲಾಯಿತು ಎಂಬುದನ್ನೂ ಓದಿದೆ. ಇಂಥ ಒಬ್ಬರ ಬದುಕನ್ನು ಮಕ್ಕಳ ಮುಂದಿಡುವುದು ಸರಿಯೇ? ಇಟ್ಟರೆ ಆ ಸೋಲನ್ನೂ ಹೇಳಬೇಕೇ? ಎಲ್ಲಕ್ಕಿಂತ ಮುಖ್ಯವಾಗಿ, ಮುಂದಿನ ಸಾಲಿನಲ್ಲಿ ಕುಳಿತಿರುವ ಆ ಹುಡುಗಿಗೆ ಸುಳ್ಳು ಭರವಸೆ ಕೊಡದೆ, ಇರುವ ಭರವಸೆಯನ್ನು ಕಿತ್ತುಕೊಳ್ಳದೆ ಏನು ಹೇಳಲಿ? ತಿಳಿದವರು ದಯವಿಟ್ಟು ಉತ್ತರಿಸಬೇಕು.


ಉತ್ತರ 1
ಬರೆದವರು: ನಿವೃತ್ತ ಪ್ರಾಧ್ಯಾಪಕ, ವಿದ್ಯಾನಗರ, ಹುಬ್ಬಳ್ಳಿ

ಗುರುಗಳೇ, ಮೂವತ್ತೊಂದು ವರ್ಷ ವೈದ್ಯಕೀಯ ವಿದ್ಯಾರ್ಥಿಗಳಿಗೆ ಶರೀರಕ್ರಿಯಾಶಾಸ್ತ್ರ ಕಲಿಸಿದವನು ನಾನು. ನಿಮ್ಮ ವಿದ್ಯಾರ್ಥಿನಿ ಕೇಳಿದ ಪ್ರಶ್ನೆಯನ್ನು ನನ್ನ ತರಗತಿಯಲ್ಲಿ ಯಾರಾದರೂ ಕೇಳಿದ್ದರೆ ಅಂದಿನ ಪಾಠವನ್ನು ಬದಿಗಿಟ್ಟು ಅದಕ್ಕೇ ಉತ್ತರ ಹೇಳುತ್ತಿದ್ದೆ. ಮೆಲ್ಟನ್ ಅವರ ಆಯ್ಕೆ ಸರಿಯಾಗಿದೆ. ಹಿಂತೆಗೆದುಕೊಂಡ ಪ್ರಬಂಧವನ್ನು ಅಗತ್ಯವಾಗಿ ಹೇಳಿ. ಕಾರಣವನ್ನು ಮುಂದೆ ಬರೆಯುತ್ತೇನೆ.

ಕಥೆಯನ್ನು ಮಗನ ಕಾಯಿಲೆಯಿಂದ ಆರಂಭಿಸಬೇಡಿ, ಕಪ್ಪೆಯ ಮೊಟ್ಟೆಯಿಂದ ಆರಂಭಿಸಿ. ಮೆಲ್ಟನ್ ಹುಟ್ಟಿದ್ದು 1953ರಲ್ಲಿ. ಕೇಂಬ್ರಿಡ್ಜಿನಲ್ಲಿ ಅವರು ಡಾಕ್ಟರೇಟ್ ಪದವಿಗಾಗಿ ಕೆಲಸ ಮಾಡಿದ್ದು ಜಾನ್ ಗರ್ಡನ್ ಅವರ ಬಳಿ. ಬೆಳೆದ ಕೋಶದ ಕೇಂದ್ರವನ್ನು ಕಪ್ಪೆಯ ಮೊಟ್ಟೆಗೆ ಸೇರಿಸಿದರೆ ಅದರಿಂದ ಮತ್ತೆ ಪೂರ್ಣ ಕಪ್ಪೆ ಬೆಳೆಯಬಲ್ಲದು ಎಂದು ತೋರಿಸಿ, ಅದಕ್ಕಾಗಿ 2012ರಲ್ಲಿ ನೊಬೆಲ್ ಪಡೆದವರು ಈ ಗರ್ಡನ್. ಮೆಲ್ಟನ್ 1981ರಲ್ಲಿ ಹಾರ್ವರ್ಡ್ ಸೇರಿ, ಆಫ್ರಿಕಾದ ಕಪ್ಪೆಯೊಂದರ ಭ್ರೂಣವನ್ನು ಇಟ್ಟುಕೊಂಡು ಒಂದೇ ಮೊಟ್ಟೆ ಒಡೆಯುತ್ತ ಒಡೆಯುತ್ತ ಒಂದು ಭಾಗ ಚರ್ಮವಾಗಲು, ಇನ್ನೊಂದು ಕರುಳಾಗಲು ಯಾವ ಸಂಕೇತ ಕಾರಣವೆಂದು ಹುಡುಕುತ್ತಿದ್ದರು. ಮಧುಮೇಹಕ್ಕೂ ಈ ಕೆಲಸಕ್ಕೂ ಅಂದು ಯಾವ ನಂಟೂ ಕಾಣುತ್ತಿರಲಿಲ್ಲ. ಆದರೆ ಮುಂದೆ ಅವರು ಮಾಡಿದ್ದೆಲ್ಲ ನಿಂತಿರುವುದು ಈ ಬುನಾದಿಯ ಮೇಲೆಯೇ. ಕಪ್ಪೆಯನ್ನು ಬಿಟ್ಟು ಕಥೆ ಹೇಳಿದರೆ, ತಂದೆಯ ಪ್ರೀತಿಯೊಂದರಿಂದಲೇ ವಿಜ್ಞಾನ ನಡೆಯಿತೆಂದು ಮಕ್ಕಳು ತಿಳಿದುಬಿಡುತ್ತಾರೆ.

1990ರ ದಶಕದ ಆರಂಭದಲ್ಲಿ, ಆರು ತಿಂಗಳ ಕೂಸಾಗಿದ್ದ ಅವರ ಮಗ ವಾಂತಿ ಮಾಡುತ್ತ ಏದುಸಿರು ಬಿಡತೊಡಗಿದ. ಪರೀಕ್ಷಿಸಿದಾಗ ಒಂದನೆಯ ವಿಧದ ಮಧುಮೇಹವೆಂದು ತಿಳಿಯಿತು. ಕೆಲವು ವರ್ಷಗಳ ನಂತರ, ಹದಿನಾಲ್ಕನೆಯ ವಯಸ್ಸಿನಲ್ಲಿ ಮಗಳಿಗೂ ಅದೇ ಕಾಯಿಲೆ ಬಂತು. ಮೆಲ್ಟನ್ ಕಪ್ಪೆಯ ಕೆಲಸವನ್ನು ಕ್ರಮೇಣ ಬಿಟ್ಟು ಮೇದೋಜೀರಕ ಗ್ರಂಥಿಯತ್ತ ತಿರುಗಿದರು. ಅಷ್ಟರಲ್ಲಿ ತಮ್ಮ ಕ್ಷೇತ್ರದಲ್ಲಿ ಹೆಸರು ಮಾಡಿದ್ದ ಪ್ರಾಧ್ಯಾಪಕರೊಬ್ಬರು ನಡುವಯಸ್ಸಿಗೆ ಹೊಸ ವಿಷಯವನ್ನು ಮೊದಲಿನಿಂದ ಕಲಿಯಲು ಹೊರಡುವುದು ಎಷ್ಟು ಕಷ್ಟವೆಂಬುದು ನನ್ನಂಥ ಅಧ್ಯಾಪಕರಿಗೆ ಗೊತ್ತು.

ಅವರು ಹಿಡಿದ ದಾರಿ ಹೀಗಿತ್ತು. ಒಂದನೆಯ ವಿಧದ ಮಧುಮೇಹದಲ್ಲಿ ದೇಹದ ರೋಗನಿರೋಧಕ ವ್ಯವಸ್ಥೆಯೇ ಬೀಟಾ ಕೋಶಗಳನ್ನು ಕೊಲ್ಲುತ್ತದೆ. ಹಾಗಾದರೆ ಹೊಸ ಕೋಶಗಳನ್ನು ಹೊರಗಿನಿಂದ ತುಂಬಬಹುದಲ್ಲವೇ? ಈ ವಿಚಾರ ಹಳೆಯದು. ಅಮೆರಿಕದ ಸೇಂಟ್ ಲೂಯಿಸಿನಲ್ಲಿ ಪಾಲ್ ಲೇಸಿ ಅವರು ಇಲಿಯ ಗ್ರಂಥಿಯಿಂದ ಕೋಶದ್ವೀಪಗಳನ್ನು, ಅಂದರೆ ಬೀಟಾ ಕೋಶಗಳಿರುವ ಸಣ್ಣ ಗುಂಪುಗಳನ್ನು, ಬಿಡಿಸಿ ತೆಗೆಯುವ ವಿಧಾನವನ್ನು 1967ರಲ್ಲಿ ಪ್ರಕಟಿಸಿ, 1972ರ ಹೊತ್ತಿಗೆ ಅವನ್ನು ಮಧುಮೇಹವಿದ್ದ ಇಲಿಗಳಿಗೆ ಕಸಿ ಮಾಡಿದ್ದರು. 2000ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಕೆನಡಾದ ಎಡ್ಮಂಟನ್ನಿನ ವೈದ್ಯರು ಏಳು ರೋಗಿಗಳಿಗೆ ಮೃತ ದಾನಿಗಳ ಕೋಶದ್ವೀಪಗಳನ್ನು ಕಸಿ ಮಾಡಿದಾಗ ಏಳೂ ಜನ ಇನ್ಸುಲಿನ್ ಬಿಡುವಂತಾಯಿತು. ಆದರೆ ಒಬ್ಬೊಬ್ಬರಿಗೂ ಕನಿಷ್ಠ ಇಬ್ಬರು ದಾನಿಗಳ ಗ್ರಂಥಿ ಬೇಕಾಯಿತು. ವರ್ಷಗಳು ಕಳೆದಂತೆ ಕಸಿ ಮಾಡಿಸಿಕೊಂಡ ಬಹುಪಾಲು ಜನ ಮತ್ತೆ ಇನ್ಸುಲಿನ್ನಿಗೆ ಮರಳಬೇಕಾಯಿತು. ಕೋಟಿಗಟ್ಟಲೆ ಕೋಶಗಳನ್ನು ದಾನಿಗಳಿಂದ ತರುವುದು ಆಗದ ಮಾತು, ಅವನ್ನು ಪ್ರಯೋಗಾಲಯದಲ್ಲಿ ಬೆಳೆಸಲೇಬೇಕು ಎಂಬುದು ಎಲ್ಲರಿಗೂ ಸ್ಪಷ್ಟವಾಗಿತ್ತು. ಕಪ್ಪೆಯಿಂದ ಕಲಿತದ್ದು ಇಲ್ಲಿ ಕೆಲಸಕ್ಕೆ ಬಂತು: ಯಾವ ಕೋಶವಾಗಿಯೂ ಬೆಳೆಯಬಲ್ಲ ಆಕರಕೋಶಕ್ಕೆ, ತಾಯಿಯ ಗರ್ಭದಲ್ಲಿ ಭ್ರೂಣಕ್ಕೆ ಸಿಗುವ ಸಂಕೇತಗಳನ್ನೇ ಅದೇ ಕ್ರಮದಲ್ಲಿ, ಅದೇ ಹೊತ್ತಿಗೆ ಕೊಟ್ಟರೆ ಅದು ಬೀಟಾ ಕೋಶವಾಗಬೇಕು.

ಹೇಳಲು ಒಂದು ವಾಕ್ಯ ಸಾಕಾಯಿತು, ಮಾಡಲು ಸುಮಾರು ಹದಿನೈದು ವರ್ಷ ಬೇಕಾಯಿತು. ಭ್ರೂಣದ ಆಕರಕೋಶಗಳ ಸಂಶೋಧನೆಗೆ ಅಮೆರಿಕ ಸರ್ಕಾರ 2001ರಲ್ಲಿ ತನ್ನ ಹಣದ ಬಳಕೆಯನ್ನು ಬಿಗಿಯಾಗಿ ಮಿತಿಗೊಳಿಸಿದ್ದರಿಂದ ಮೆಲ್ಟನ್ ಖಾಸಗಿ ನೆರವಿನಿಂದ ಹದಿನೇಳು ಹೊಸ ಆಕರಕೋಶ ಸಂತತಿಗಳನ್ನು ಬೆಳೆಸಿ, 2004ರಲ್ಲಿ ಪ್ರಕಟಿಸಿ, ಕೇಳಿದ ಸಂಶೋಧಕರಿಗೆಲ್ಲ ಹಂಚಿದರು. ಕೈಗೆ ಬಂದದ್ದನ್ನು ತಾವೊಬ್ಬರೇ ಇಟ್ಟುಕೊಳ್ಳದೆ ಹಂಚಿದ ಈ ಸಂಗತಿಯನ್ನು ಮಕ್ಕಳಿಗೆ ಬಿಡದೆ ಹೇಳಿ. ಅದೇ ವರ್ಷ ಅವರ ತಂಡ, ವಯಸ್ಕ ದೇಹದಲ್ಲಿ ಹೊಸ ಬೀಟಾ ಕೋಶಗಳು ಹುಟ್ಟುವುದು ಇರುವ ಬೀಟಾ ಕೋಶಗಳೇ ಇಬ್ಭಾಗವಾಗುವುದರಿಂದ, ಬೇರೆಲ್ಲೋ ಅಡಗಿರುವ ಆಕರಕೋಶಗಳಿಂದಲ್ಲ ಎಂದು ತೋರಿಸಿತು. 2008ರಲ್ಲಿ, ಜೀರ್ಣರಸ ಸುರಿಸುವ ಸಾಮಾನ್ಯ ಕೋಶಗಳಿಗೆ ಮೂರು ವಂಶವಾಹಿಗಳನ್ನು ಸೇರಿಸಿ ಅವನ್ನು ಬೀಟಾ ಕೋಶದಂತೆ ಬದಲಾಯಿಸಿತು. ಕೊನೆಗೆ 2014ರ ಅಕ್ಟೋಬರಿನಲ್ಲಿ, ಮನುಷ್ಯರ ಆಕರಕೋಶಗಳಿಂದ, ಸಕ್ಕರೆ ಕಂಡಾಗ ಇನ್ಸುಲಿನ್ ಸುರಿಸುವ ಬೀಟಾ ಕೋಶಗಳನ್ನು ಹತ್ತಾರು ಕೋಟಿಗಳ ಲೆಕ್ಕದಲ್ಲಿ ಬೆಳೆಸುವ ವಿಧಾನವನ್ನು ಪ್ರಕಟಿಸಿತು. ಮಗ ಮತ್ತು ಮಗಳ ಹೆಸರುಗಳನ್ನು ಕೂಡಿಸಿ ಸೆಮ್ಮಾ ಎಂದು ಹೆಸರಿಟ್ಟ ಕಂಪನಿಯನ್ನು ಕಟ್ಟಿದರು. ಅದನ್ನು 2019ರಲ್ಲಿ ವರ್ಟೆಕ್ಸ್ ಎಂಬ ಔಷಧ ಕಂಪನಿ 95 ಕೋಟಿ ಡಾಲರಿಗೆ ಕೊಂಡುಕೊಂಡಿತು. ಮೆಲ್ಟನ್ ಅವರೂ 2022ರಲ್ಲಿ ಆ ಕಂಪನಿಗೆ ಹೋದರು.

ಆಕರಕೋಶಗಳಿಂದ ಬೆಳೆಸಿದ ಇಂಥ ಕೋಶಗಳನ್ನು ರೋಗಿಗಳಿಗೆ ಕೊಟ್ಟು ಆ ಕಂಪನಿ ನಡೆಸಿದ ಪ್ರಯೋಗದ, 2025ರಲ್ಲಿ ಪ್ರಕಟವಾದ ಫಲಿತಾಂಶ ಇದು. ಪೂರ್ಣ ಪ್ರಮಾಣದ ಕೋಶಗಳನ್ನು ಯಕೃತ್ತಿಗೆ ಹೋಗುವ ರಕ್ತನಾಳದ ಮೂಲಕ ಒಂದೇ ಸಲ ಪಡೆದ ಹನ್ನೆರಡು ವಯಸ್ಕರಲ್ಲಿ ಹತ್ತು ಜನ ಒಂದು ವರ್ಷದ ಹೊತ್ತಿಗೆ ಇನ್ಸುಲಿನ್ ಇಲ್ಲದೆ ಇದ್ದರು. ಇವರು ಸಕ್ಕರೆ ಅಪಾಯಕಾರಿಯಾಗಿ ಇಳಿದರೂ ಸೂಚನೆ ತಿಳಿಯದೆ ಪ್ರಜ್ಞೆ ತಪ್ಪುತ್ತಿದ್ದ ರೋಗಿಗಳು. ಹೊಸ ಕೋಶಗಳನ್ನು ದೇಹ ಕೊಲ್ಲದಂತೆ ಇವರು ರೋಗನಿರೋಧಕ ಶಕ್ತಿಯನ್ನು ತಗ್ಗಿಸುವ ಮಾತ್ರೆಗಳನ್ನು ತೆಗೆದುಕೊಳ್ಳುತ್ತಿರಬೇಕು, ಅಂದರೆ ಸೋಂಕಿನ ಭಯದಲ್ಲಿಯೇ ಇರಬೇಕು. ಆ ಭಯ ಬರಿಯ ಮಾತಲ್ಲ: ಪ್ರಯೋಗದಲ್ಲಿ ಭಾಗವಹಿಸಿದ್ದ ಒಬ್ಬರು ಮಿದುಳುಪೊರೆಯ ಸೋಂಕಿನಿಂದ ತೀರಿಕೊಂಡರು. ಆದುದರಿಂದಲೇ ಇದನ್ನು ಇಂದು ಚೆನ್ನಾಗಿ ಇನ್ಸುಲಿನ್ ನಿಭಾಯಿಸುತ್ತಿರುವ ಹದಿನೈದರ ಹುಡುಗಿಗೆ ಕೊಡುವಂತಿಲ್ಲ.

ಇನ್ನು ಆ ಪ್ರಬಂಧ. 2013ರಲ್ಲಿ ಮೆಲ್ಟನ್ ಅವರ ತಂಡ ಬೀಟಾಟ್ರೋಫಿನ್ ಎಂಬ ಹಾರ್ಮೋನನ್ನು ವರ್ಣಿಸಿ, ಅದನ್ನು ಇಲಿಗಳಲ್ಲಿ ಹೆಚ್ಚಿಸಿದಾಗ ಬೀಟಾ ಕೋಶಗಳು ಒಡೆದು ಹೆಚ್ಚುವ ವೇಗ ಸರಾಸರಿ ಹದಿನೇಳು ಪಟ್ಟು ಏರಿತೆಂದು ಬರೆಯಿತು. ಜಗತ್ತಿನ ಪತ್ರಿಕೆಗಳೆಲ್ಲ ಅದನ್ನು ಕೊಂಡಾಡಿದವು. ಮರುವರ್ಷವೇ ಬೇರೊಂದು ತಂಡ, ಆ ವಂಶವಾಹಿಯನ್ನು ತೆಗೆದುಹಾಕಿದ ಇಲಿಗಳಲ್ಲಿಯೂ ಬೀಟಾ ಕೋಶಗಳು ಎಂದಿನಂತೆಯೇ ಇವೆ, ಅದನ್ನು ಹೆಚ್ಚಿಸಿದರೂ ಅವು ಹೆಚ್ಚುವುದಿಲ್ಲ ಎಂದು ತೋರಿಸಿತು. ಮೆಲ್ಟನ್ ವಾದಕ್ಕೆ ನಿಲ್ಲಲಿಲ್ಲ. ಬೇರೆ ಪ್ರಯೋಗಾಲಯದವರನ್ನೂ ಜೊತೆಗೆ ಸೇರಿಸಿಕೊಂಡು ಪ್ರಯೋಗವನ್ನು ಮತ್ತೆ ಮಾಡಿ, ಮೊದಲಿನ ಫಲಿತಾಂಶ ನಿಲ್ಲುವುದಿಲ್ಲವೆಂದು ತಾವೇ ಪ್ರಕಟಿಸಿದರು. 2016ರ ಡಿಸೆಂಬರಿನಲ್ಲಿ ಮೂಲ ಪ್ರಬಂಧವನ್ನು ಹಿಂತೆಗೆದುಕೊಂಡರು. ಮಕ್ಕಳಿಬ್ಬರಿಗೂ ಅದೇ ಕಾಯಿಲೆ ಇರುವ ತಂದೆಗೆ ಆ ಹಾರ್ಮೋನ್ ನಿಜವಾಗಿರಲಿ ಎಂಬ ಆಸೆ ಎಷ್ಟಿದ್ದಿರಬೇಕು! ಆ ಆಸೆಯನ್ನು ಬದಿಗಿಟ್ಟು ಪ್ರಯೋಗದಲ್ಲಿ ಕಂಡದ್ದನ್ನೇ ಬರೆದರು. ಮೂವತ್ತೊಂದು ವರ್ಷಗಳಲ್ಲಿ, ಫಲಿತಾಂಶ ಬಾರದಾಗ ಅಂಕಿಗಳನ್ನು ಸ್ವಲ್ಪ ಸರಿಪಡಿಸಿ ರೆಕಾರ್ಡ್ ಪುಸ್ತಕ ಬರೆದ ಎಷ್ಟೋ ವಿದ್ಯಾರ್ಥಿಗಳನ್ನು ನೋಡಿದ್ದೇನೆ. ಹತ್ತನೆಯ ತರಗತಿಯಲ್ಲಿಯೇ ಈ ಪ್ರಸಂಗ ಅವರ ಕಿವಿಗೆ ಬಿದ್ದಿದ್ದರೆ ಒಳ್ಳೆಯದಿತ್ತು ಎಂದು ನನಗೆ ಈಗಲೂ ಅನ್ನಿಸುತ್ತದೆ.


ಉತ್ತರ 2
ಬರೆದವರು: ರಾಣೆಬೆನ್ನೂರಿನ ತಾಯಿ

ಪ್ರಾಧ್ಯಾಪಕರು ಬರೆದುದನ್ನು ಎರಡು ಸಲ ಓದಿದೆ. ನಾನು ವಿಜ್ಞಾನ ಓದಿದವಳಲ್ಲ, ಬಿ.ಎ. ಮುಗಿಸಿ ಮನೆಯಲ್ಲಿರುವವಳು. ಆದರೂ ಇನ್ನೊಬ್ಬ ವಿಜ್ಞಾನಿಯ ಹೆಸರನ್ನು ಶಿಕ್ಷಕರಿಗೆ ಹೇಳಲೇಬೇಕೆಂದು ಬರೆಯುತ್ತಿದ್ದೇನೆ, ಏಕೆಂದರೆ ಆ ಮಹಾತಾಯಿಯ ಕೆಲಸದಿಂದಾಗಿ ನನ್ನ ಮಗಳು ಇಂದು ಸೂಜಿಯಿಲ್ಲದೆ ಶಾಲೆಗೆ ಹೋಗುತ್ತಿದ್ದಾಳೆ.

ನನ್ನ ಮಗಳು ಎರಡು ತಿಂಗಳ ಕೂಸಾಗಿದ್ದಾಗ ಹಾಲು ಕುಡಿಯುವುದನ್ನು ಬಿಟ್ಟು ಜೋರಾಗಿ ಉಸಿರಾಡತೊಡಗಿದಳು. ಮೊದಲು ಕರೆದೊಯ್ದ ಆಸ್ಪತ್ರೆಯಲ್ಲಿ ಕಫ ಕಟ್ಟಿದೆ ಎಂದು ಎರಡು ದಿನ ಔಷಧ ಕೊಟ್ಟರೇ ಹೊರತು ರಕ್ತದ ಸಕ್ಕರೆಯನ್ನು ನೋಡಲಿಲ್ಲ. ಮೂರನೆಯ ದಿನ ಹುಬ್ಬಳ್ಳಿಗೆ ಕರೆದೊಯ್ಯುವಾಗ ಆಂಬುಲೆನ್ಸಿನಲ್ಲಿ ಅವಳು ಕಣ್ಣು ತೆರೆಯುತ್ತಿರಲಿಲ್ಲ. ಅಲ್ಲಿ ಸಕ್ಕರೆ 600ಕ್ಕಿಂತ ಹೆಚ್ಚಿತ್ತು. ಕೂಸು ಉಳಿಯಿತು. ಇದು ಜೀವನಪೂರ್ತಿ ಇನ್ಸುಲಿನ್ ಬೇಕಾದ ಕಾಯಿಲೆ ಎಂದು ಹೇಳಿ ಕಳಿಸಿದರು. ಅಷ್ಟು ಚಿಕ್ಕ ದೇಹಕ್ಕೆ ಅರ್ಧ ಯೂನಿಟ್, ಒಂದು ಯೂನಿಟ್ ಎಂದು ಅಳೆದು ಸೂಜಿ ಚುಚ್ಚುವಾಗ ನನ್ನ ಕೈ ನಡುಗುತ್ತಿತ್ತು. ನನ್ನ ಅತ್ತೆಯವರು ಕೂಸಿನ ಕಾಲು ಹಿಡಿದುಕೊಂಡು ಮುಖ ತಿರುಗಿಸಿ ಅಳುತ್ತಿದ್ದರು. ಹೀಗೆಯೇ ನಾಲ್ಕು ವರ್ಷ ನಡೆಯಿತು.

ನಾಲ್ಕನೆಯ ವರ್ಷದಲ್ಲಿ ಹೊಸದಾಗಿ ಬಂದ ಒಬ್ಬ ಮಕ್ಕಳ ವೈದ್ಯರು ಹಳೆಯ ಕಾಗದಗಳನ್ನೆಲ್ಲ ತಿರುವಿ ಹಾಕಿ, "ಆರು ತಿಂಗಳು ತುಂಬುವ ಮೊದಲೇ ಸಕ್ಕರೆ ಬಂದಿದ್ದರೆ ಅದು ಸಾಮಾನ್ಯವಾಗಿ ಒಂದನೆಯ ವಿಧ ಆಗಿರುವುದಿಲ್ಲ ಅಮ್ಮಾ, ವಂಶವಾಹಿ ಪರೀಕ್ಷೆ ಮಾಡಿಸಲೇಬೇಕು" ಎಂದರು. ರಕ್ತವನ್ನು ಚೆನ್ನೈಗೆ ಕಳಿಸಿದೆವು. ಒಂದೇ ಒಂದು ವಂಶವಾಹಿಯಲ್ಲಿ ದೋಷವಿದೆ, ಅವಳ ಬೀಟಾ ಕೋಶಗಳು ಸತ್ತಿಲ್ಲ, ಬದುಕಿದ್ದೂ ಇನ್ಸುಲಿನ್ ಹೊರಬಿಡುತ್ತಿಲ್ಲ ಎಂದು ವರದಿ ಬಂತು. ಆಸ್ಪತ್ರೆಯಲ್ಲಿ ಇರಿಸಿಕೊಂಡು ಗ್ಲೈಬೆನ್‌ಕ್ಲಮೈಡ್ ಮಾತ್ರೆಯನ್ನು ದಿನದಿನಕ್ಕೆ ಹೆಚ್ಚಿಸುತ್ತ, ಇನ್ಸುಲಿನ್ನನ್ನು ಇಳಿಸುತ್ತ ಬಂದರು. ನನ್ನ ಮಾವನವರು ತಮ್ಮ ಸಕ್ಕರೆ ಕಾಯಿಲೆಗೆ ಎಷ್ಟೋ ವರ್ಷ ನುಂಗಿದ್ದ ಅದೇ ಅಗ್ಗದ ಮಾತ್ರೆ! ಕೆಲವೇ ದಿನಗಳಲ್ಲಿ ಸೂಜಿ ನಿಂತಿತು. ಈಗ ಅವಳಿಗೆ ಹನ್ನೊಂದು ವರ್ಷ.

ಆ ದೋಷವನ್ನು ಅರಿಯಲು ಬೇಕಾದ ಮೂಲ ಸಂಗತಿಯನ್ನು ಕಂಡುಹಿಡಿದವರು ಆಕ್ಸ್‌ಫರ್ಡಿನ ಫ್ರಾನ್ಸಿಸ್ ಆ್ಯಶ್‌ಕ್ರಾಫ್ಟ್ ಎಂಬ ಮಹಿಳೆ ಎಂದು ಆ ವೈದ್ಯರೇ ನನಗೆ ಹೇಳಿದರು. ಗುರುಗಳೇ, ನಿಮ್ಮ ವಿದ್ಯಾರ್ಥಿನಿಗೆ ಕಾಯಿಲೆ ಬಂದದ್ದು ಏಳನೆಯ ವಯಸ್ಸಿನಲ್ಲಿ, ಆದುದರಿಂದ ಈ ಮಾತ್ರೆ ಅವಳಿಗೆ ಆಗುವುದಿಲ್ಲವೆಂದು ನನಗೂ ಗೊತ್ತು. ದಯವಿಟ್ಟು ಅವಳ ಮನೆಯವರಿಗೆ ಇದನ್ನು ಸ್ಪಷ್ಟವಾಗಿ ಹೇಳಿ, ನನ್ನ ಮಾತು ಕೇಳಿ ಯಾರೂ ಇನ್ಸುಲಿನ್ ನಿಲ್ಲಿಸುವುದು ಬೇಡ. ಆದರೆ ನಿಮ್ಮ ಸಭೆಯಲ್ಲಿ ಕುಳಿತ ಯಾವುದಾದರೂ ಮಗುವಿನ ಮನೆಯಲ್ಲಿ ನನ್ನ ಮಗಳಂಥ ಕೂಸು ಇರಬಹುದು. ಆ ತಾಯಿಗೆ ಈ ಸುದ್ದಿ ನಾಲ್ಕು ವರ್ಷ ಮೊದಲೇ ಮುಟ್ಟಲಿ.


ಉತ್ತರ 3
ಬರೆದವರು: ಪ್ರಾಣಿಶಾಸ್ತ್ರದ ಸಂಶೋಧನಾ ವಿದ್ಯಾರ್ಥಿನಿ, ಧಾರವಾಡ

ಅಕ್ಕಾ, ನಿಮ್ಮ ಬರಹವನ್ನು ಓದಿ ಬಹಳ ಹೊತ್ತು ಸುಮ್ಮನೆ ಕುಳಿತಿದ್ದೆ. ಫ್ರಾನ್ಸಿಸ್ ಆ್ಯಶ್‌ಕ್ರಾಫ್ಟ್ ಅವರ ಕೆಲಸದ ಒಳಗಿನ ವಿವರವನ್ನು ಶಿಕ್ಷಕರಿಗೆ ಅನುಕೂಲವಾಗುವಂತೆ ಬರೆಯುತ್ತೇನೆ.

ಬೀಟಾ ಕೋಶವು ರಕ್ತದಲ್ಲಿ ಸಕ್ಕರೆ ಹೆಚ್ಚಿದೆಯೆಂದು ಹೇಗೆ ತಿಳಿಯುತ್ತದೆ? 1980ರ ದಶಕದ ಆರಂಭದವರೆಗೂ ಈ ಪ್ರಶ್ನೆಯ ನಡುವೆ ಒಂದು ಕೊಂಡಿ ತಪ್ಪಿತ್ತು. ಕೋಶದ ಪೊರೆಯಲ್ಲಿ ಪೊಟ್ಯಾಸಿಯಂ ಹೊರಗೆ ಹರಿಯಲು ಸೂಕ್ಷ್ಮವಾದ ದ್ವಾರಗಳಿವೆ. ಇದನ್ನು ನಮ್ಮ ಕಡೆಯ ಕೆರೆಯ ತೂಬಿನಂತೆ ಭಾವಿಸಿಕೊಳ್ಳಬಹುದು. ಊಟಕ್ಕೆ ಮೊದಲು ತೂಬು ತೆರೆದಿರುತ್ತದೆ, ಕೋಶ ಸುಮ್ಮನಿರುತ್ತದೆ. ಊಟವಾದ ಮೇಲೆ ಸಕ್ಕರೆ ಕೋಶದೊಳಗೆ ಬಂದು ಉರಿದು ಎಟಿಪಿ ಎಂಬ ಶಕ್ತಿಯ ಅಣು ಹೆಚ್ಚುತ್ತದೆ. ಆ ಎಟಿಪಿ ತೂಬನ್ನು ಮುಚ್ಚುತ್ತದೆ. ಹೊರಗೆ ಹರಿಯುತ್ತಿದ್ದುದು ನಿಂತ ಕೂಡಲೇ ಪೊರೆಯ ವಿದ್ಯುತ್ ಸ್ಥಿತಿ ಬದಲಾಗಿ ಕ್ಯಾಲ್ಸಿಯಂನ ಬೇರೆ ದ್ವಾರಗಳು ತೆರೆದುಕೊಳ್ಳುತ್ತವೆ, ಒಳಗೆ ನುಗ್ಗಿದ ಕ್ಯಾಲ್ಸಿಯಂ ಇನ್ಸುಲಿನ್ ತುಂಬಿದ ಚೀಲಗಳನ್ನು ಹೊರಗೆ ಸುರಿಸುತ್ತದೆ. ಸಕ್ಕರೆಯೇ ಆ ತೂಬನ್ನು ಮುಚ್ಚಿಸುತ್ತದೆ ಎಂಬುದನ್ನು ಆ್ಯಶ್‌ಕ್ರಾಫ್ಟ್ ಮತ್ತು ಇಬ್ಬರು ಸಹೋದ್ಯೋಗಿಗಳು ಇಲಿಯ ಬೀಟಾ ಕೋಶದ ಪೊರೆಗೆ ಗಾಜಿನ ಸೂಕ್ಷ್ಮ ನಳಿಕೆಯನ್ನು ಅಂಟಿಸಿ, ಒಂದೊಂದೇ ದ್ವಾರದ ವಿದ್ಯುತ್ತನ್ನು ಅಳೆದು 1984ರಲ್ಲಿ ಪ್ರಕಟಿಸಿದರು. ಅಂದು ಅವರಿಗೆ ಮೂವತ್ತೆರಡರ ಆಸುಪಾಸಿನ ವಯಸ್ಸು.

ಆ ದ್ವಾರದ ವಂಶವಾಹಿ ಸಿಕ್ಕಿದ್ದು 1995ರಲ್ಲಿ, ಬೇರೆ ತಂಡಗಳಿಗೆ. ಹುಟ್ಟಿದ ಕೆಲವೇ ತಿಂಗಳಲ್ಲಿ ಮಧುಮೇಹ ಬರುವ ಮಕ್ಕಳ ಪೈಕಿ ಹಲವರಲ್ಲಿ ಇದೇ ವಂಶವಾಹಿ ಕೆಟ್ಟಿರುತ್ತದೆ ಎಂದು ಎಕ್ಸೆಟರಿನ ಆ್ಯಂಡ್ರೂ ಹ್ಯಾಟರ್ಸ್ಲಿ ಅವರ ತಂಡ ಆ್ಯಶ್‌ಕ್ರಾಫ್ಟ್ ಅವರೊಂದಿಗೆ ಸೇರಿ 2004ರಲ್ಲಿ ತೋರಿಸಿತು. ಆ ಮಕ್ಕಳಲ್ಲಿ ತೂಬು ಮುಚ್ಚುವುದೇ ಇಲ್ಲ, ಎಟಿಪಿ ಎಷ್ಟು ತಳ್ಳಿದರೂ ಅದು ತೆರೆದೇ ಇರುತ್ತದೆ. ಗ್ಲೈಬೆನ್‌ಕ್ಲಮೈಡ್ ಬಗೆಯ ಮಾತ್ರೆ ಎಟಿಪಿಯ ಹಂಗಿಲ್ಲದೆ ಬೇರೊಂದು ಕಡೆಯಿಂದ ಅದೇ ತೂಬನ್ನು ಮುಚ್ಚುತ್ತದೆ. 2006ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಇಂಥ 49 ರೋಗಿಗಳಲ್ಲಿ 44 ಜನ ಇನ್ಸುಲಿನ್ ಬಿಟ್ಟು ಮಾತ್ರೆಗೆ ಬಂದರು. ಒಂದೇ ದ್ವಾರದ ಹಿಂದೆ ಇಪ್ಪತ್ತೆರಡು ವರ್ಷ! ಅಕ್ಕನವರ ಮಗಳು ಹುಟ್ಟುವ ಮೊದಲೇ ಅವಳಿಗಾಗಿ ನಡೆದ ಕೆಲಸ ಅದು.

ಪ್ರಾಧ್ಯಾಪಕರ ಬರಹಕ್ಕೆ ವಿನಯಪೂರ್ವಕವಾಗಿ ಒಂದು ತಿದ್ದುಪಡಿ ಸೇರಿಸುತ್ತೇನೆ. 2004ರ ಪ್ರಯೋಗದಲ್ಲಿ ಬೀಟಾ ಕೋಶಗಳೇ ಇಬ್ಭಾಗವಾಗುತ್ತವೆ ಎಂದು ಕಂಡದ್ದು ಇಲಿಗಳಲ್ಲಿ, 2008ರ ಬದಲಾವಣೆಯೂ ಇಲಿಗಳಲ್ಲಿಯೇ. ಮನುಷ್ಯರಲ್ಲಿ ಬೀಟಾ ಕೋಶಗಳು ಚಿಕ್ಕಂದಿನಲ್ಲಿ ಹೆಚ್ಚಾಗಿ ಒಡೆದು, ಬೆಳೆದ ಮೇಲೆ ಬಹಳ ವಿರಳವಾಗಿ ಒಡೆಯುತ್ತವೆ. "ಮತ್ತ ಹುಟ್ಟತಾವೇನ್ರಿ" ಎಂಬ ಪ್ರಶ್ನೆಗೆ ಇಲಿ ಮತ್ತು ಮನುಷ್ಯರ ಈ ಅಂತರ ಬಹಳ ಮುಖ್ಯವಾದುದು.

ಅದೇ ಪ್ರಶ್ನೆಗೆ ಸಂಬಂಧಿಸಿದ ಇನ್ನೊಂದು ಸಂಗತಿ ಆ ಹುಡುಗಿಗೆ ತಿಳಿಯಬೇಕು. ಬಾಸ್ಟನ್ನಿನ ಜೋಸ್ಲಿನ್ ಸಂಸ್ಥೆಯವರು ಐವತ್ತು ವರ್ಷಕ್ಕಿಂತ ಹೆಚ್ಚು ಕಾಲ ಒಂದನೆಯ ವಿಧದ ಮಧುಮೇಹದೊಂದಿಗೆ ಬಾಳಿದವರನ್ನು ಅಧ್ಯಯನ ಮಾಡಿದ್ದಾರೆ. ದೇಹ ತಾನೇ ಇನ್ಸುಲಿನ್ ಮಾಡಿದಾಗ ಅದರ ಜೊತೆಗೆ ಸಿ-ಪೆಪ್ಟೈಡ್ ಎಂಬ ತುಣುಕೂ ಬಿಡುಗಡೆಯಾಗುತ್ತದೆ. ಚುಚ್ಚಿಕೊಳ್ಳುವ ಇನ್ಸುಲಿನ್ನಿನಲ್ಲಿ ಅದು ಇರುವುದಿಲ್ಲ. ಅಷ್ಟು ವರ್ಷಗಳ ನಂತರವೂ ಅವರಲ್ಲಿ ಅನೇಕರ ರಕ್ತದಲ್ಲಿ ಸಿ-ಪೆಪ್ಟೈಡ್ ಸ್ವಲ್ಪಮಟ್ಟಿಗೆ ಕಂಡುಬಂತು. ತೀರಿಕೊಂಡ ಕೆಲವರ ಗ್ರಂಥಿಗಳನ್ನು ಪರೀಕ್ಷಿಸಿದಾಗ ಇನ್ಸುಲಿನ್ ಇರುವ ಕೋಶಗಳೂ ಅಲ್ಲಲ್ಲಿ ಕಂಡವು. 2010ರಲ್ಲಿ ಇದು ಪ್ರಕಟವಾಯಿತು. ಹಾಗಾಗಿ ಎಲ್ಲ ಕೋಶಗಳೂ ಸತ್ತೇಹೋಗಿವೆ ಎನ್ನುವುದು ಪೂರ್ತಿ ನಿಜವಲ್ಲ. ಉಳಿದಿರುವ ಆ ಕೆಲವು ಕೋಶಗಳು ದೇಹಕ್ಕೆ ಬೇಕಾದಷ್ಟು ಇನ್ಸುಲಿನ್ ಮಾಡಲಾರವು, ಹೊರಗಿನ ಇನ್ಸುಲಿನ್ ಬೇಕೇ ಬೇಕು. ಆದರೆ ಅವು ಹೇಗೆ ಉಳಿದವು ಎಂಬುದನ್ನು ಹುಡುಕುವವರು ಇಂದು ಜಗತ್ತಿನ ಹಲವು ಕಡೆ ಇದ್ದಾರೆ.

ಮಕ್ಕಳಿಗೆ ಹತ್ತಿರವಾಗುವ ಒಂದು ಸಂಗತಿಯೊಂದಿಗೆ ಮುಗಿಸುತ್ತೇನೆ. ಬೀಟಾ ಕೋಶಗಳಿರುವ ಈ ಕಿರುದ್ವೀಪಗಳನ್ನು 1869ರಲ್ಲಿ ಬರ್ಲಿನ್ನಿನಲ್ಲಿ ಮೊದಲು ವರ್ಣಿಸಿದ ಪಾಲ್ ಲ್ಯಾಂಗರ್‌ಹಾನ್ಸ್ ಆಗ ಇಪ್ಪತ್ತೊಂದು ವರ್ಷದ ವಿದ್ಯಾರ್ಥಿ. ಅವು ಏನು ಕೆಲಸ ಮಾಡುತ್ತವೆ ಎಂಬುದು ಅವರಿಗೆ ಕೊನೆಯವರೆಗೂ ತಿಳಿಯಲಿಲ್ಲ. ಕಂಡದ್ದನ್ನು ಕಂಡ ಹಾಗೆ ಬರೆದಿಟ್ಟರು. ಇನ್ಸುಲಿನ್ ಅಣುವಿನ ಮೂರು ಆಯಾಮಗಳ ರಚನೆಯನ್ನು 1969ರಲ್ಲಿ ಬಿಡಿಸಿದ ಡೊರೊಥಿ ಹಾಡ್ಜ್‌ಕಿನ್ ಅವರ ತಂಡದಲ್ಲಿ ಎಂ. ವಿಜಯನ್ ಎಂಬ ಭಾರತೀಯ ವಿಜ್ಞಾನಿಯೂ ಇದ್ದರು. ಅವರು ಮುಂದೆ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ದಶಕಗಳ ಕಾಲ ಕೆಲಸ ಮಾಡಿದರು.


ಉತ್ತರ 4
ಬರೆದವರು: ನಿವೃತ್ತ ಪ್ರಾಧ್ಯಾಪಕ, ವಿದ್ಯಾನಗರ, ಹುಬ್ಬಳ್ಳಿ

ತಿದ್ದುಪಡಿ ಸರಿಯಾಗಿದೆ, ಇಲಿಗಳಲ್ಲಿ ಎಂದು ನಾನು ಬರೆಯಲೇಬೇಕಿತ್ತು. ರಾಣೆಬೆನ್ನೂರಿನ ಸಹೋದರಿಯವರ ಅನುಭವವನ್ನು ಓದಿದ ಮೇಲೆ ನನ್ನ ಸಲಹೆಯನ್ನೂ ಸ್ವಲ್ಪ ಬದಲಿಸುತ್ತೇನೆ. ಇಬ್ಬರ ಕಥೆಯನ್ನೂ ಹೇಳಿ. ಮೆಲ್ಟನ್ ಅವರಿಗೆ ಕೆಲಸದ ಉದ್ದೇಶ ಮನೆಯಲ್ಲಿಯೇ ಇತ್ತು. ಆ್ಯಶ್‌ಕ್ರಾಫ್ಟ್ ಅವರು ಕೋಶ ಹೇಗೆ ಕೆಲಸ ಮಾಡುತ್ತದೆ ಎಂದು ತಿಳಿಯಲು ಹೊರಟವರು, ಕೂಸುಗಳ ಚಿಕಿತ್ಸೆ ಇಪ್ಪತ್ತು ವರ್ಷಗಳ ನಂತರ ತಾನಾಗಿ ಅವರ ಬಾಗಿಲಿಗೆ ಬಂತು. ಅರ್ಧ ಗಂಟೆ ಸಾಲದಿದ್ದರೆ ಕಂಪನಿ, ಡಾಲರುಗಳ ಮಾತನ್ನು ಬಿಟ್ಟುಬಿಡಿ.


ಪ್ರಶ್ನೆ ಕೇಳಿದವರ ಮರುಬರಹ
ಬರೆದವರು: ಗದಗದ ವಿಜ್ಞಾನ ಶಿಕ್ಷಕ

ಎಲ್ಲರಿಗೂ ಹೃತ್ಪೂರ್ವಕ ಕೃತಜ್ಞತೆಗಳು. ನಿನ್ನೆ ಶಾಲೆ ಬಿಟ್ಟ ಮೇಲೆ ಆ ವಿದ್ಯಾರ್ಥಿನಿಯನ್ನೂ ಅವಳ ತಾಯಿಯನ್ನೂ ಕೂರಿಸಿಕೊಂಡು ನೀವೆಲ್ಲ ಬರೆದುದನ್ನು ಓದಿ ಹೇಳಿದೆ. ಮೊದಲು ಹೇಳಿದ್ದು, ಇವತ್ತಿನ ಮಟ್ಟಿಗೆ ಇನ್ಸುಲಿನ್ ಬಿಟ್ಟು ಬೇರೆ ದಾರಿಯಿಲ್ಲ, ಮಾತ್ರೆಯ ಕಥೆ ಬೇರೆ ಕಾಯಿಲೆಯದು ಎಂಬುದನ್ನು. ತಾಯಿ ಅದನ್ನು ಮತ್ತೆ ನನ್ನ ಬಾಯಿಂದ ಕೇಳಿ ಖಚಿತಪಡಿಸಿಕೊಂಡರು. ಆಮೇಲೆ ಹನ್ನೆರಡರಲ್ಲಿ ಹತ್ತು ಜನರ ಫಲಿತಾಂಶವನ್ನೂ, ಅವರು ನುಂಗುತ್ತಿರುವ ಮಾತ್ರೆಗಳ ಅಪಾಯವನ್ನೂ ಒಂದನ್ನೂ ಮುಚ್ಚಿಡದೆ ಹೇಳಿದೆ. ಹುಡುಗಿ ಬಹಳ ಹೊತ್ತು ಮಾತಾಡಲಿಲ್ಲ. ಆಮೇಲೆ ಕೇಳಿದ್ದು, "ಅಂದ್ರ ನನ್ನೊಳಗ ಇನ್ನೂ ಕೆಲವು ಜೀವಂತ ಇರಬಹುದಲ್ರಿ ಸರ್?" ಎಂದು. ಇರಬಹುದು ಎಂದೆ.

ನವೆಂಬರ್ 14ರಂದು ತೂಬಿನ ಭಾಗವನ್ನು ತಾನೇ ಹೇಳುತ್ತೇನೆಂದು ಒಪ್ಪಿಕೊಂಡಿದ್ದಾಳೆ. ಡ್ರಾಯಿಂಗ್ ಹಾಳೆಯ ಮೇಲೆ ಬೀಟಾ ಕೋಶವನ್ನು ಬಿಡಿಸಲು ಆಗಲೇ ಆರಂಭಿಸಿದ್ದಾಳೆ. ಹಿಂತೆಗೆದುಕೊಂಡ ಪ್ರಬಂಧದ ಪ್ರಸಂಗವನ್ನು ನಾನು ಹೇಳುತ್ತೇನೆ. ಧಾರವಾಡದ ತಂಗಿಯವರಲ್ಲಿ ಒಂದು ವಿನಂತಿಯಿದೆ. ನಮ್ಮ ಶಾಲೆಯ ಸೂಕ್ಷ್ಮದರ್ಶಕದಲ್ಲಿ ಈರುಳ್ಳಿಯ ಸಿಪ್ಪೆಯ ಕೋಶ ಕಾಣುವುದೇ ಹೆಚ್ಚು, ಮೇದೋಜೀರಕ ಗ್ರಂಥಿಯ ಸ್ಲೈಡು ನಮ್ಮಲ್ಲಿಲ್ಲ. ನಿಮ್ಮ ಪ್ರಯೋಗಾಲಯದಲ್ಲಿ ಆ ಕಿರುದ್ವೀಪಗಳನ್ನು ಅವಳಿಗೆ ಕಣ್ಣಾರೆ ತೋರಿಸಲು ಸಾಧ್ಯವೇ?


ಉತ್ತರ 5
ಬರೆದವರು: ಪ್ರಾಣಿಶಾಸ್ತ್ರದ ಸಂಶೋಧನಾ ವಿದ್ಯಾರ್ಥಿನಿ, ಧಾರವಾಡ

ಖಂಡಿತ ಸಾಧ್ಯ ಸರ್. ಮಾರ್ಗದರ್ಶಕರ ಅನುಮತಿ ಕೇಳಿದ್ದೇನೆ, ಒಪ್ಪಿದ್ದಾರೆ. ಸ್ಲೈಡಿನಲ್ಲಿ ಜೀರ್ಣರಸದ ಕೋಶಗಳು ಗಾಢ ಬಣ್ಣದಲ್ಲಿ ಒತ್ತಾಗಿ ಕಾಣುತ್ತವೆ, ಅವುಗಳ ನಡುವೆ ತಿಳಿ ಬಣ್ಣದ ದುಂಡನೆಯ ಗುಂಪುಗಳೇ ಕಿರುದ್ವೀಪಗಳು. ಸಾಮಾನ್ಯ ಬಣ್ಣ ಹಾಕಿದ ಸ್ಲೈಡಿನಲ್ಲಿ ಬೀಟಾ ಕೋಶಗಳನ್ನು ಉಳಿದ ಕೋಶಗಳಿಂದ ಬೇರೆ ಮಾಡಿ ಗುರುತಿಸಲು ಆಗುವುದಿಲ್ಲ, ಅದನ್ನು ಅವಳಿಗೆ ಮೊದಲೇ ಹೇಳಿರಿ. ಮುಂದಿನ ಶನಿವಾರ ಬೆಳಿಗ್ಗೆ ಹತ್ತು ಗಂಟೆಗೆ ಬನ್ನಿ. ಗದಗಿನಿಂದ ಬಸ್ಸಿನಲ್ಲಿ ಬರುವುದಾದರೆ ದಾರಿಯಲ್ಲಿ ತಡವಾಗಬಹುದು, ಅವಳ ಇನ್ಸುಲಿನ್, ಗ್ಲೂಕೋಮೀಟರ್, ಊಟದ ಡಬ್ಬಿ ಮತ್ತು ಸಕ್ಕರೆ ಇಳಿದರೆ ಬಾಯಿಗೆ ಹಾಕಿಕೊಳ್ಳಲು ಸ್ವಲ್ಪ ಗ್ಲೂಕೋಸ್ ಪುಡಿ ಜೊತೆಯಲ್ಲಿರಲಿ. ನಮ್ಮ ವಿಭಾಗದಲ್ಲಿ ಫ್ರಿಜ್ ಇದೆ. ಅವಳು ಬಿಡಿಸುತ್ತಿರುವ ಚಿತ್ರವನ್ನೂ ತರಲು ಹೇಳಿ, ಸ್ಲೈಡು ನೋಡಿದ ಮೇಲೆ ತಿದ್ದಿಕೊಳ್ಳಬಹುದು.